ಹಸನು ಮಾಡುವ ಕೈ

ನನ್ನ ಕಸುಬಿನಲ್ಲಿ ದಿನಕ್ಕೆ ಹತ್ತಾರು ಸಲ ಬಾಯಿಗೆ ಬರುವ ಪದ ‘ಬಳಕೆದಾರ’. ಬಳಕೆದಾರನಿಗೆ ಏನು ಬೇಕು, ಅವನು ಎಲ್ಲಿ ಎಡವುತ್ತಾನೆ, ಅವನ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಕಂಪ್ಯೂಟರ್ ಪರದೆಗಳನ್ನು ವಿನ್ಯಾಸ ಮಾಡುವ ನಾವು ಈ ಪ್ರಶ್ನೆಗಳಿಂದಲೇ ಕೆಲಸ ಶುರುಮಾಡುತ್ತೇವೆ. ಬಳಕೆದಾರನಿಗೆ ಸುಲಭವಾದದ್ದು ಒಳ್ಳೆಯದು, ಕಷ್ಟವಾದದ್ದು ಕೆಟ್ಟದ್ದು. ಇಷ್ಟು ಸರಳವಾದ ಧರ್ಮಶಾಸ್ತ್ರ ಬೇರೆ ಯಾವ ಕಸುಬಿಗೂ ಇರಲಾರದು.

ಆದರೆ ಕೆಲವು ಉಪಕರಣಗಳನ್ನು ಬಳಸುವವರು ಒಬ್ಬರು, ಅವು ಮುಟ್ಟುವುದು ಇನ್ನೊಬ್ಬರ ಬದುಕನ್ನು. ಬೈಲಹೊಂಗಲದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಕ್ಕಡಿ ಹಿಡಿಯುವವನು ವ್ಯಾಪಾರಿ, ಅದರಲ್ಲಿ ಕೂರುವುದು ರೈತನ ಹತ್ತಿ. ತಕ್ಕಡಿ ವ್ಯಾಪಾರಿಯ ಕೈಗೆ ಎಷ್ಟೇ ಹಗುರವಾಗಿರಲಿ, ಅದರ ಮುಳ್ಳು ಅವನ ಕಣ್ಣಿಗೆ ಎಷ್ಟೇ ಚೆನ್ನಾಗಿ ಕಾಣಲಿ, ಅದು ಒಳ್ಳೆಯ ತಕ್ಕಡಿ ಹೌದೋ ಅಲ್ಲವೋ ಎಂದು ಹೇಳಲು ಅಷ್ಟು ಸಾಲದು. ಆಚೆ ನಿಂತು ನೋಡುತ್ತಿರುವ ರೈತನನ್ನೂ ಒಂದು ಮಾತು ಕೇಳಬೇಕಾಗುತ್ತದೆ. ಅವನು ತಕ್ಕಡಿಯ ಬಳಕೆದಾರನಲ್ಲ. ನಮ್ಮ ಕಸುಬಿನ ನಿಘಂಟಿನಲ್ಲಿ ಅವನಿಗೆ ಹೆಸರೇ ಇಲ್ಲ.

ಇಂಥ ಒಂದು ತಕ್ಕಡಿಯನ್ನು ಹೊಸದಾಗಿ ಕಟ್ಟುವ ಕೆಲಸ ಈಚೆಗೆ ನನ್ನ ಪಾಲಿಗೆ ಬಂತು. ನನ್ನೂರು ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿ. ಕೆಲಸ ಬೆಂಗಳೂರಿನ ಒಂದು ಕಂಪನಿಗೆ, ವರ್ಷದ ಬಹುಪಾಲು ಊರಿನ ಮನೆಯಲ್ಲೇ ಕೂತು. ಕಂಪನಿಯ ನೇಮಕಾತಿ ವಿಭಾಗದವರು ಒಳಗೊಳಗೇ ಬಳಸುವ ಒಂದು ತಂತ್ರಾಂಶವಿದೆ. ಬಂದ ಅರ್ಜಿಗಳೆಲ್ಲ ಅದರಲ್ಲಿ ಸಾಲಾಗಿ ನಿಲ್ಲುತ್ತವೆ. ಯಾರನ್ನು ಕರೆಯುವುದು, ಯಾರನ್ನು ಬಿಡುವುದು, ಯಾರನ್ನು ಕಾಯಿಸುವುದು ಎಲ್ಲವೂ ಅಲ್ಲೇ ಆಗುತ್ತದೆ. ಅದು ಬಹಳ ಗಲೀಜಾಗಿದೆ, ಹಸನು ಮಾಡಿಕೊಡಿ ಎಂಬುದು ನನಗೆ ಬಂದ ಸೂಚನೆ.

ಗಲೀಜಾಗಿತ್ತು, ಸುಳ್ಳಲ್ಲ. ಒಂದೊಂದು ಅರ್ಜಿಗೂ ನಲವತ್ತಕ್ಕೂ ಹೆಚ್ಚು ಕಾಲಂಗಳು. ಪೂರ್ತಿ ನೋಡಲು ಪರದೆಯನ್ನು ಬಲಕ್ಕೆ ಸರಿಸುತ್ತಲೇ ಹೋಗಬೇಕು. ಅಷ್ಟರಲ್ಲಿ ಎಡಕ್ಕಿದ್ದ ಹೆಸರು ಮರೆಯಾಗಿ ಯಾರ ಸಾಲಿನಲ್ಲಿದ್ದೇವೆ ಎಂಬುದೇ ತಿಳಿಯುವುದಿಲ್ಲ. ಕೆಂಪು, ಕಿತ್ತಳೆ, ನೇರಳೆ ಬಣ್ಣಗಳು, ಆದರೆ ಯಾವುದಕ್ಕೆ ಯಾವ ಅರ್ಥ ಎಂದು ಹೇಳಬಲ್ಲವರು ಇಬ್ಬರೋ ಮೂವರೋ. ‘ತಡೆ’, ‘ಬಾಕಿ’, ‘ಪರಿಶೀಲನೆ’, ‘ಮರುಪರಿಶೀಲನೆ’ ಎಂಬ ಸ್ಥಿತಿಗಳು. ‘ಬಾಕಿ’ಗೂ ‘ತಡೆ’ಗೂ ಏನು ವ್ಯತ್ಯಾಸ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ವಿಡಿಯೊ ಕರೆಯಲ್ಲಿ ಅವರ ಪರದೆಯನ್ನು ನೋಡುತ್ತ, ಅವರು ಕೆಲಸ ಮಾಡುವುದನ್ನು ದಿನಗಟ್ಟಲೆ ಗಮನಿಸಿದೆ. ಬೆಳಿಗ್ಗೆ ಹತ್ತು ಗಂಟೆಗೆ ಒಂದು ಅರ್ಜಿಯನ್ನು ತೆರೆದು, ಓದಿ, ಹಿಂದಿನ ಟಿಪ್ಪಣಿ ಹುಡುಕುತ್ತಿದ್ದವರು ಸಂಜೆ ಐದರ ಹೊತ್ತಿಗೆ ಎರಡು ಕಾಲಂ ನೋಡಿ ಮುಂದಕ್ಕೆ ಹೋಗುತ್ತಿದ್ದರು.

ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಆ ಜಾಗದಲ್ಲಿ ಯಾರೇ ಕೂತಿದ್ದರೂ ಅಷ್ಟೇ. ದಣಿದ ಕಣ್ಣು ಅನ್ಯಾಯ ಮಾಡುತ್ತದೆ, ಕೆಟ್ಟ ಮನಸ್ಸು ಇಲ್ಲದೆಯೂ ಮಾಡುತ್ತದೆ. ಬೆಳಿಗ್ಗೆ ಸಿಕ್ಕ ಅರ್ಜಿಗೆ ಒಂದು ನ್ಯಾಯ, ಸಂಜೆ ಸಿಕ್ಕ ಅರ್ಜಿಗೆ ಇನ್ನೊಂದು ಎಂದಾದರೆ ಅದಕ್ಕೆ ಕಾರಣ ಆ ನಲವತ್ತು ಕಾಲಂಗಳು. ಆದ್ದರಿಂದ ಪರದೆಯನ್ನು ಹಸನು ಮಾಡುವುದು ಬರೀ ಅಂದಚೆಂದದ ಕೆಲಸವಲ್ಲ ಎಂದು ನಾನು ನಂಬುತ್ತೇನೆ. ಪ್ರಶ್ನೆ ಇರುವುದು ಮುಂದೆ. ನಲವತ್ತರಲ್ಲಿ ಏಳೆಂಟನ್ನು ಉಳಿಸಿಕೊಳ್ಳಬೇಕು. ಯಾವ ಏಳೆಂಟು?

ಏಳು ಎಂಬ ಸಂಖ್ಯೆಗೆ ನಮ್ಮಲ್ಲಿ ಒಂದು ಪುರಾಣವಿದೆ. 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದು ಲೇಖನ ಬರೆದ. ಮನುಷ್ಯನ ತಕ್ಷಣದ ನೆನಪು ಒಂದು ಹೊತ್ತಿಗೆ ಏಳರ ಆಸುಪಾಸಿನಷ್ಟು, ಎರಡು ಹೆಚ್ಚು ಅಥವಾ ಎರಡು ಕಡಿಮೆ, ಸಂಗತಿಗಳನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬುದು ಅದರ ತಿರುಳು. ಅವನು ಪರದೆಗಳ ಬಗ್ಗೆ ಬರೆದವನಲ್ಲ. ಆದರೂ ವಿನ್ಯಾಸದ ತರಗತಿಗಳಲ್ಲಿ ಆ ಏಳನ್ನು ಮಂತ್ರದಂತೆ ಹೇಳಿಕೊಡುತ್ತಾರೆ. ನೋಡುವವನ ತಲೆಗೆ ಎಷ್ಟು ಭಾರ ಹೊರಿಸಬಹುದು ಎಂಬ ಪ್ರಶ್ನೆ ಬಂದಾಗೆಲ್ಲ ಆ ಮಿಲ್ಲರ್ ಬಂದು ನಿಲ್ಲುತ್ತಾನೆ.

ಕನ್ನಡ ನಾಡಿಗೆ ಇನ್ನೊಬ್ಬ ಮಿಲ್ಲರ್ ಗೊತ್ತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿದರು. ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದ ಸಮುದಾಯಗಳವರು ಯಾಕೆ ಕಾಣುತ್ತಿಲ್ಲ, ಏನು ಮಾಡಬೇಕು ಎಂಬುದು ಅದರ ಮುಂದಿದ್ದ ಪ್ರಶ್ನೆ. 1919ರ ವರದಿಯಲ್ಲಿ ಸಮಿತಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಜಾಗ ಆ ಸಮುದಾಯಗಳಿಗೆ ಸಿಗಬೇಕು ಎಂದಿತು. ನಮ್ಮೂರು ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಹಾಗಾಗಿ ಅದು ನೇರವಾಗಿ ನಮ್ಮ ಕಥೆಯಲ್ಲ. ಆದರೆ ಆ ಮಿಲ್ಲರ್ ಕೇಳಿದ ಪ್ರಶ್ನೆ ನನ್ನ ಕೆಲಸಕ್ಕೆ ಹತ್ತಿರದ್ದು. ನೋಡುವವನ ತಲೆಗೆ ಎಷ್ಟು ಹಿಡಿಯುತ್ತದೆ ಎಂದು ಒಬ್ಬ ಮಿಲ್ಲರ್ ಕೇಳಿದ. ನೋಡುವವನ ಕಣ್ಣಿಗೆ ಯಾರು ಬೀಳುತ್ತಲೇ ಇಲ್ಲ ಎಂದು ಇನ್ನೊಬ್ಬ ಮಿಲ್ಲರ್ ಕೇಳಿದರು. ಪರದೆ ಹಸನು ಮಾಡುವವನಿಗೆ ಇಬ್ಬರೂ ಬೇಕು. ನಮ್ಮ ಪಠ್ಯಗಳಲ್ಲಿರುವುದು ಮಾತ್ರ ಒಬ್ಬನೇ.

ಕಾಲಂಗಳನ್ನು ಒಂದೊಂದಾಗಿ ತೆಗೆಯುವ ಮುನ್ನ ಪ್ರತಿಯೊಂದರ ಹುಟ್ಟನ್ನು ಕೇಳಿ ಬರೆದಿಟ್ಟುಕೊಂಡೆ. ಇದು ಯಾಕೆ ಬಂತು, ಯಾವಾಗ ಬಂತು, ಯಾರು ಕೇಳಿದರು? ಕಸ ಎಂದು ಕಂಡದ್ದರ ಅಡಿಯಲ್ಲಿ ಬಹಳಷ್ಟು ಸಲ ಒಂದು ಹಳೆಯ ನೋವು ಇತ್ತು. ‘ಕೊನೆಯ ಬಾರಿ ತೆರೆದವರು’ ಎಂಬ ಕಾಲಂ ಯಾವುದೋ ಅರ್ಜಿ ಕಾರಣವಿಲ್ಲದೆ ಮಾಯವಾದ ಮೇಲೆ ಬಂದದ್ದು. ‘ಓದಿನ ನಡುವಿನ ವಿರಾಮಕ್ಕೆ ಕಾರಣ’ ಎಂಬ ಕಾಲಂ ಹೆರಿಗೆಗೆಂದು ಕೆಲಸ ಬಿಟ್ಟ ಹೆಣ್ಣುಮಗಳೊಬ್ಬಳನ್ನು ಸೋಮಾರಿ ಎಂದು ತಳ್ಳಿಹಾಕಿದ ಮೇಲೆ ಬಂದದ್ದು. ಹೊಳೆಯ ತಳದಲ್ಲಿ ಮಳೆಗಾಲದಿಂದ ಮಳೆಗಾಲಕ್ಕೆ ಹೂಳು ಕೂರುವ ಹಾಗೆ ಒಂದೊಂದು ತಪ್ಪಿನ ಮೇಲೆ ಒಂದೊಂದು ಕಾಲಂ ಕೂತಿತ್ತು. ಹೂಳೆತ್ತುವುದು ಬೇಕು, ನಿಜ. ಆದರೆ ನಮ್ಮ ಮಲಪ್ರಭೆಯ ದಂಡೆಯ ರೈತರು ಅದೇ ಹೂಳನ್ನು ಹೊಲಕ್ಕೂ ಹೊಡೆಸುತ್ತಾರೆ.

ಆ ವಿರಾಮದ ಕಾಲಂ ನನಗೆ ಮುಖ್ಯವಾಗಿ ಕಂಡದ್ದಕ್ಕೆ ಊರಿನ ಕಾರಣವೂ ಇದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಹೊಳೆಸಾಲಿನ ಎಷ್ಟೋ ಮನೆಗಳು ಬಿದ್ದವು. ಅದರ ಬೆನ್ನಿಗೇ 2020ರ ಕೊರೋನಾ ಬಂತು. ಆ ಎರಡು ವರ್ಷ ನಮ್ಮ ಕಡೆಯ ಹುಡುಗರ ರೆಸ್ಯೂಮೆಗಳಲ್ಲಿ ಖಾಲಿ ಬಿದ್ದಿದ್ದರೆ ಅದು ಖಾಲಿ ಕೂತ ಕಾಲವಲ್ಲ, ಗೋಡೆ ಕಟ್ಟಿದ ಕಾಲ. ಬೆಂಗಳೂರಿನಲ್ಲಿ ಕೂತು ಓದುವವರಿಗೆ ಅದು ತಿಳಿಯಬೇಕಾದರೆ ಪರದೆಯ ಮೇಲೆ ಎಲ್ಲೋ ಒಂದು ಕಡೆ ಒಂದು ಸಾಲಿಗೆ ಜಾಗ ಬೇಕು.

ಹಾಗೆಂದು ಎಲ್ಲ ಕಾಲಂಗಳೂ ನೋವಿನಿಂದ ಹುಟ್ಟಿದವಲ್ಲ. ‘ಹೊಂದಾಣಿಕೆ’ ಎಂಬ ಒಂದು ಕಾಲಂ ಇತ್ತು. ಅಭ್ಯರ್ಥಿ ನಮ್ಮವರ ಜೊತೆ ಹೊಂದಿಕೊಳ್ಳುತ್ತಾನೆಯೇ ಎಂದು ಒಂದರಿಂದ ಐದರ ತನಕ ಅಂಕ ಕೊಡಬೇಕು. ಯಾವ ಆಧಾರದ ಮೇಲೆ ಎಂದು ಕೇಳಿದರೆ ‘ಮಾತಾಡಿಸಿದರೆ ಗೊತ್ತಾಗುತ್ತದೆ’ ಎಂಬ ಉತ್ತರ. ಈ ‘ಗೊತ್ತಾಗುತ್ತದೆ’ಗೆ ನಮ್ಮಲ್ಲಿ ಹಳೆಯ ಚರಿತ್ರೆಯಿದೆ. 1960ರ ದಶಕದಲ್ಲಿ ಮೈಸೂರು ರಾಜ್ಯ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನದ ಅಂಕಗಳನ್ನು ಇಟ್ಟಿತ್ತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಕ್ರೀಡೆ, ಚರ್ಚಾಸ್ಪರ್ಧೆ, ನಾಟಕ ಇವೆಲ್ಲವನ್ನೂ ಅಲ್ಲಿ ನೋಡಬೇಕಾಗಿತ್ತು. ಚಿತ್ರಲೇಖಾ ಪ್ರಕರಣದಲ್ಲಿ ಇದನ್ನು ಪ್ರಶ್ನಿಸಲಾಯಿತು. 1964ರಲ್ಲಿ ಸುಪ್ರೀಂ ಕೋರ್ಟ್‌ನ ಬಹುಮತ ಈ ಪದ್ಧತಿಯನ್ನು ಎತ್ತಿಹಿಡಿಯಿತು. ಕಾನೂನಿನ ದೃಷ್ಟಿಯಿಂದ ಆ ಪ್ರಕರಣ ಅಲ್ಲಿಗೆ ಇತ್ಯರ್ಥವಾಯಿತು. ಆದರೆ ಆ ಪಟ್ಟಿಯನ್ನು ಒಬ್ಬ ಹಳ್ಳಿಯ ವಿದ್ಯಾರ್ಥಿಯ ಕಣ್ಣಿನಿಂದ ಓದಿ ನೋಡಿ. ಚರ್ಚಾಕೂಟವಾಗಲಿ ಎನ್‌ಸಿಸಿಯಾಗಲಿ ಇಲ್ಲದ ಶಾಲೆಯಿಂದ ಬಂದವನಿಗೆ ಆ ಅಂಕಗಳು ತನ್ನ ಬಗ್ಗೆ ಏನೂ ಹೇಳುವುದಿಲ್ಲ. ಅವನ ಶಾಲೆಯ ಬಗ್ಗೆ ಹೇಳುತ್ತವೆ. ‘ಹೊಂದಾಣಿಕೆ’ಯ ಕಾಲಂ ತೆಗೆಯಲು ನಾನು ವಾದ ಮಾಡಿದ್ದು ಈ ಕಾರಣಕ್ಕೆ. ಅದು ಅಭ್ಯರ್ಥಿಯನ್ನು ಅಳೆಯುತ್ತಿರಲಿಲ್ಲ, ಅವನು ನಮ್ಮಿಂದ ಎಷ್ಟು ದೂರದಲ್ಲಿದ್ದಾನೆ ಎಂಬುದನ್ನು ಅಳೆಯುತ್ತಿತ್ತು.

ಇನ್ನು ಹೆಸರು. ಹಳೆಯ ಪರದೆಯಲ್ಲಿ ಎಲ್ಲಕ್ಕಿಂತ ದೊಡ್ಡ, ದಪ್ಪ ಅಕ್ಷರಗಳಲ್ಲಿ ಕಾಣುತ್ತಿದ್ದದ್ದು ಅಭ್ಯರ್ಥಿಯ ಅಡ್ಡಹೆಸರು. ಅದನ್ನು ರೂಪಿಸಿದವರು ಕೆಟ್ಟದ್ದನ್ನು ಯೋಚಿಸಿರಲಾರರು. ಎಲ್ಲ ತಂತ್ರಾಂಶಗಳೂ ಹಾಗೇ ಇರುತ್ತವೆ. ಆದರೆ ನಮ್ಮ ಬೆಳಗಾವಿ ಸೀಮೆಯಲ್ಲಿ ಅಡ್ಡಹೆಸರು ಎಂದರೇನು ಎಂದು ಬಲ್ಲವರಿಗೆ ಆ ದಪ್ಪ ಅಕ್ಷರ ಬೇರೆಯಾಗಿ ಕಾಣುತ್ತದೆ. ಬಡಿಗೇರ, ಕುಂಬಾರ, ತಳವಾರ, ಮಾದರ. ಹೆಸರಿನಲ್ಲೇ ಕಸುಬು, ಕಸುಬಿನಲ್ಲೇ ಜಾತಿ. ಒಂದು ಪದ ಓದಿದರೆ ಸಾಕು, ಓಣಿ ಯಾವುದು ಎಂದು ಹೇಳಬಹುದು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಅವರು ಒಂದೇ ಬಗೆಯ ಅರ್ಹತೆಯ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಕಳುಹಿಸಿದ್ದರು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಮುಂದಿನ ಹಂತದ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು ಎಂದು ಅವರಿಗೆ ಕಂಡಿತು.

ಹೊಸ ಪರದೆಯ ಮೊದಲ ನೋಟದಲ್ಲಿ ಹೆಸರು ಇಲ್ಲ. ಕೆಲಸಕ್ಕೆ ಬೇಕಾದ ಕೌಶಲ, ಮಾಡಿದ ಕೆಲಸ, ಅಭ್ಯರ್ಥಿ ಬರೆದ ನಾಲ್ಕು ಸಾಲು, ಇಷ್ಟು ಇದೆ. ಕರೆಯಬೇಕು ಎಂದು ತೀರ್ಮಾನಿಸಿದ ಮೇಲೆ ಹೆಸರು ತೆರೆದುಕೊಳ್ಳುತ್ತದೆ. ಇದರಿಂದ ಪರದೆಯೂ ಹಸನಾಯಿತು ಎಂದು ಎಲ್ಲರೂ ಒಪ್ಪಿದರು. ನನಗೆ ಇದರಲ್ಲಿ ಒಂದು ಅಳುಕು ಉಳಿದಿದೆ. ಹೆಸರನ್ನು ಮರೆಮಾಡುವುದು ನ್ಯಾಯವಾದರೆ, ಹೆಸರು ಕಂಡಾಗ ಏನಾಗುತ್ತಿತ್ತು ಎಂಬುದನ್ನು ಯಾರೂ ಮಾತಾಡದಂತೆ ಮಾಡುವುದೂ ಅದೇ ಮರೆಯೇ. ಕುಂಬಾರ ಎಂಬ ಹೆಸರನ್ನು ದಪ್ಪ ಅಕ್ಷರದಲ್ಲಿ ಓದಿದರೂ ಅರ್ಜಿ ಅರ್ಜಿಯಾಗಿಯೇ ಕಾಣುವ ದಿನ ಬೇಕಾಗಿರುವುದು. ಅದು ನನ್ನ ಪರದೆಯಿಂದ ಬರುವುದಿಲ್ಲ. ಅಲ್ಲಿಯ ತನಕ ಮರೆ ಇರಲಿ.

ಯಾವುದು ಕಾಣಬೇಕು ಎಂಬಷ್ಟೇ ಮುಖ್ಯ, ಯಾವುದು ಮೊದಲು ಕಾಣಬೇಕು ಎಂಬುದು. ಇದನ್ನು ನಮ್ಮೂರಿನ ಹುಡುಗರು ನನಗಿಂತ ಚೆನ್ನಾಗಿ ಬಲ್ಲರು. ನಮ್ಮ ಊರಿನ ಹೆಸರು ಹೇಳಿದರೆ ಕೇಳುವವರ ಮೊದಲ ಮಾತು ರಾಯಣ್ಣ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣ ಕಿತ್ತೂರಿನ ಶೇತಸನದಿ, ಅಂದರೆ ಸೇವೆಗೆ ಪ್ರತಿಯಾಗಿ ಭೂಮಿ ಪಡೆದ ಮನೆತನದವನು. ಅಂದಿನ ನೇಮಕಾತಿಗೆ ಅರ್ಜಿ ಬೇಕಿರಲಿಲ್ಲ. ಆಳು ಯಾರು, ಅವನ ತಂದೆ ಯಾರು ಎಂದು ಊರಿಗೆ ಗೊತ್ತಿತ್ತು. ಮನುಷ್ಯನನ್ನು ಮನುಷ್ಯನಾಗಿ ಬಲ್ಲ ವ್ಯವಸ್ಥೆ ಅದು ಎಂದು ಮೆಚ್ಚುವ ಮೊದಲು, ತಂದೆಗೆ ಸನದು ಇಲ್ಲದವನು ಆ ಬಾಗಿಲಲ್ಲಿ ಏನು ಮಾಡಬೇಕಿತ್ತು ಎಂದೂ ಕೇಳಿಕೊಳ್ಳಬೇಕು. ಅರ್ಜಿ ಫಾರ್ಮು ಎಂಬ ಒಣ ಕಾಗದ ಬಂದದ್ದು ಆ ಬಾಗಿಲು ತೆರೆಯುವುದಕ್ಕೆ. ಎಲ್ಲರಿಗೂ ಒಂದೇ ಪ್ರಶ್ನೆ ಎಂಬುದು ಸಣ್ಣ ಸಾಧನೆಯಲ್ಲ.

ಇಂದಿಗೂ ನಸುಕಿನಲ್ಲಿ ನಮ್ಮೂರಿನ ರಸ್ತೆಯ ಮೇಲೆ ಸೈನ್ಯಕ್ಕೆ ಸೇರಲು ಓಡುವ ಹುಡುಗರನ್ನು ನೋಡುತ್ತೇನೆ. ಮೊದಲು ಸೇನೆಯ ಭರ್ತಿಯಲ್ಲಿ ರ‍್ಯಾಲಿ ಮೊದಲು, ಬರೆಯುವ ಪರೀಕ್ಷೆ ಕೊನೆಗೆ ಇತ್ತು. 2023ರಿಂದ ಕಂಪ್ಯೂಟರಿನ ಮೇಲಿನ ಪರೀಕ್ಷೆ ಮೊದಲು ಬಂತು. ಅದರಲ್ಲಿ ಪಾಸಾದವರಿಗೆ ಮಾತ್ರ ಓಟ. ರ‍್ಯಾಲಿಗಳಿಗೆ ಬರುವ ಭಾರೀ ಗುಂಪನ್ನು, ಅದರ ವ್ಯವಸ್ಥೆಯ ಹೊರೆಯನ್ನು ಕಡಿಮೆ ಮಾಡುವುದು ಸೇನೆ ಕೊಟ್ಟ ಕಾರಣ. ಅದು ಸರಿಯಾದ ಕಾರಣವೇ. ಸಾವಿರಾರು ಹುಡುಗರು ಒಂದು ಮೈದಾನದ ಸುತ್ತ ರಾತ್ರಿಯೆಲ್ಲ ಬಯಲಲ್ಲಿ ಮಲಗುವುದು ಯಾರಿಗೂ ಬೇಡ. ಆದರೆ ಹಂತಗಳು ಅವೇ ಇದ್ದು ಕ್ರಮ ಮಾತ್ರ ಬದಲಾದಾಗ ಹೊರಗೆ ಉಳಿಯುವವರು ಬದಲಾದರು. ಮೊದಲ ಬಾಗಿಲು ಕಾಲುಗಳದಾಗಿತ್ತು, ಈಗ ಅದು ಕೀಬೋರ್ಡಿನದು. ಇಂಥ ಬದಲಾವಣೆಗಳಿಗೆ ನಾವು ವಿನ್ಯಾಸಕರು ‘ಹರಿವು’ ಎನ್ನುತ್ತೇವೆ. ಹರಿವಿಗೆ ಅಣೆಕಟ್ಟು ಎಲ್ಲಿ ಕಟ್ಟಿದರೆ ಯಾರ ಹೊಲ ಒಣಗುತ್ತದೆ ಎಂಬುದನ್ನು ಮಾತ್ರ ಕೇಳುವುದಿಲ್ಲ.

ಈಗ ತಿರಸ್ಕಾರದ ಬಟನ್‌ಗೆ ಬರುತ್ತೇನೆ. ಹಳೆಯ ತಂತ್ರಾಂಶದಲ್ಲಿ ಒಂದು ಅರ್ಜಿಯನ್ನು ತಿರಸ್ಕರಿಸಲು ನಾಲ್ಕು ಹೆಜ್ಜೆ ಬೇಕಿತ್ತು. ಅದನ್ನು ಒಂದಕ್ಕೆ ಇಳಿಸಿ, ಒಂದೇ ಸಲಕ್ಕೆ ಐವತ್ತು ಅರ್ಜಿ ಆರಿಸಿ ತಿರಸ್ಕರಿಸುವ ಸೌಕರ್ಯ ಕೊಡಿ ಎಂಬುದು ಬಳಕೆದಾರರ ಬೇಡಿಕೆಗಳಲ್ಲಿ ಮೊದಲನೆಯದು. ನಮ್ಮ ಕಸುಬಿನ ಧರ್ಮದ ಪ್ರಕಾರ ಇದನ್ನು ಕೊಡಲೇಬೇಕು. ನಾನು ಒಪ್ಪಲಿಲ್ಲ. ಯಾಕೆ ಎಂದು ಕೇಳಿದಾಗ ನನಗೆ ತೋಚಿದ ಉತ್ತರ ಅಡುಗೆಮನೆಯದು.

ಧಾನ್ಯ ಹಸನು ಮಾಡುವುದಕ್ಕೆ ನಮ್ಮಲ್ಲಿ ಎರಡು ಸಾಧನಗಳಿವೆ. ಒಂದು ಜರಡಿ, ಇನ್ನೊಂದು ಮೊರ. ಜರಡಿಯ ತೂತು ಮೊದಲೇ ತೀರ್ಮಾನವಾಗಿರುತ್ತದೆ. ಅದಕ್ಕಿಂತ ಸಣ್ಣದು ಕೆಳಗೆ ಬೀಳುತ್ತದೆ, ದೊಡ್ಡದು ಮೇಲೆ ಉಳಿಯುತ್ತದೆ. ಆಡಿಸುವವರು ನೋಡಬೇಕಾದದ್ದಿಲ್ಲ. ಮೊರದಲ್ಲಿ ಕೇರುವವರು ಮಾತ್ರ ನೋಡುತ್ತಲೇ ಇರಬೇಕು. ಹೊಟ್ಟು ಹಾರಿಹೋದ ಮೇಲೆ ಉಳಿದ ಜೋಳದಲ್ಲಿ ಬೆರಳಾಡಿಸಿ ಹರಳು ಆರಿಸಬೇಕು. ಹರಳೆಂದು ಎತ್ತಿದ್ದು ಕೆಲವು ಸಲ ಕಪ್ಪಾದ ಕಾಳಾಗಿರುತ್ತದೆ, ಅದನ್ನು ಮರಳಿ ಹಾಕಬೇಕು. ಎರಡೂ ಬೇಕು. ಐದು ಚೀಲ ಜೋಳಕ್ಕೆ ಬರೀ ಮೊರ ಹಿಡಿದು ಕೂತರೆ ರೊಟ್ಟಿ ನಾಳೆಯೂ ಆಗುವುದಿಲ್ಲ. ಆದರೆ ಜರಡಿಯಲ್ಲಿ ಉಳಿಸಿದ ಹೊತ್ತನ್ನು ಮೊರಕ್ಕೆ ಕೊಡಬೇಕು ಎಂಬುದು ಹಸನು ಮಾಡಿದ ಕೈಗಳಿಗೆಲ್ಲ ಗೊತ್ತು. ನಾವು ಪರದೆಗಳಲ್ಲಿ ಉಳಿಸಿದ ಹೊತ್ತನ್ನು ಇನ್ನೊಂದು ದೊಡ್ಡ ಜರಡಿಗೆ ಕೊಡುತ್ತಿದ್ದೇವೆ.

ಇದರ ಕೊನೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅಮೆಜಾನ್ ಕಂಪನಿಯ ಉದಾಹರಣೆ ಇದೆ. ರೆಸ್ಯೂಮೆಗಳಿಗೆ ತಾನೇ ಅಂಕ ಕೊಡುವ ಒಂದು ಆಂತರಿಕ ಉಪಕರಣವನ್ನು ಅವರು 2014ರಿಂದ ಕಟ್ಟುತ್ತಿದ್ದರು ಎಂದು ರಾಯಿಟರ್ಸ್ 2018ರ ಅಕ್ಟೋಬರ್‌ನಲ್ಲಿ ವರದಿ ಮಾಡಿತು. ಹಿಂದಿನ ಹತ್ತು ವರ್ಷಗಳ ಅರ್ಜಿಗಳಿಂದ ಅದು ಕಲಿತಿತ್ತು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಹಾಗಾಗಿ ‘ಮಹಿಳೆಯರ’ ಎಂಬ ಪದವಿದ್ದ ರೆಸ್ಯೂಮೆಗಳಿಗೆ ಅದು ಅಂಕ ಕಳೆಯತೊಡಗಿತು. ಕೊನೆಗೆ ಆ ಯೋಜನೆಯನ್ನೇ ಕೈಬಿಟ್ಟರು. ಆ ಉಪಕರಣದಷ್ಟು ಸುಲಭವಾದದ್ದು ಇನ್ನೊಂದಿರಲಾರದು. ಬಳಕೆದಾರ ಏನೂ ಮಾಡಬೇಕಾಗಿರಲಿಲ್ಲ.

ನಾನು ಹೇಳಿದ್ದು ಇಷ್ಟು. ನೋಡುವುದು ಆದಷ್ಟು ಸುಲಭವಾಗಲಿ, ತಳ್ಳುವುದು ಸ್ವಲ್ಪ ಕಷ್ಟವಾಗಿಯೇ ಇರಲಿ. ಅರ್ಜಿ ತೆರೆಯಲು, ಓದಲು, ಹಿಂದಿನ ಟಿಪ್ಪಣಿ ಹುಡುಕಲು ಒಂದೇ ಹೆಜ್ಜೆ ಸಾಕು. ತಿರಸ್ಕರಿಸಲು ಮಾತ್ರ ಒಂದು ಸಾಲು ಕಾರಣ ಬರೆಯಬೇಕು. ಸಿದ್ಧ ಕಾರಣಗಳ ಪಟ್ಟಿಯಿಂದ ಆರಿಸಿದರೆ ಆಗದು, ಸ್ವಂತ ಬೆರಳಿನಿಂದ ಬರೆಯಬೇಕು. ಕಾರಣ ಬರೆಯಲು ಕೈ ತಡೆದರೆ ಮತ್ತೊಮ್ಮೆ ಓದಬಹುದು. ಒಂದಷ್ಟು ಚರ್ಚೆಯ ನಂತರ ಇದನ್ನು ಒಪ್ಪಿದರು. ಒಂದೇ ಸಲಕ್ಕೆ ಐವತ್ತು ಎಂಬುದು ಬರಲಿಲ್ಲ.

ಈ ಕೆಲಸದ ನಡುವೆ ಒಂದು ಸಂಜೆ ನಮ್ಮೂರಿನ ಹುಡುಗನೊಬ್ಬ ಮನೆಗೆ ಬಂದ. ಬೆಳಗಾವಿಯಲ್ಲಿ ಡಿಗ್ರಿ ಮುಗಿಸಿದವನು. ನಮ್ಮ ಕಂಪನಿಗೆ ಅರ್ಜಿ ಹಾಕಿ ಎರಡು ತಿಂಗಳಾಗಿತ್ತು. ‘ಅಣ್ಣಾ, ನಮ್ಮ ಅರ್ಜಿ ಏನಾತು ಅಂತ ಒಂದ್ಸಲ ನೋಡ್ತೀಯೇನು?’ ಎಂದ. ನೋಡಲು ನನಗೆ ಸಾಧ್ಯವಿತ್ತು, ಅಧಿಕಾರ ಇರಲಿಲ್ಲ. ವಿನ್ಯಾಸಕ್ಕೆಂದು ಕೊಟ್ಟ ಬಾಗಿಲಿನಿಂದ ಊರಿನವನ ಅರ್ಜಿ ಇಣುಕುವುದು ಸರಿಯಲ್ಲ ಎಂದು ಬಿಡಿಸಿ ಹೇಳಿದೆ. ಅವನು ಸಿಟ್ಟಾಗಲಿಲ್ಲ. ‘ಆಗೂದಿಲ್ಲ ಅಂದ್ರ ಆಗೂದಿಲ್ಲ ಅಂತ ಹೇಳ್ಲಿ ಅಣ್ಣಾ. ಇನ್ನೊಂದು ಕಡೆ ನೋಡಾಕ ಬರತೈತಿ. ಏನೂ ಹೇಳ್ದಿದ್ರ ಹ್ಯಾಂಗ?’ ಎಂದು ಚಹಾ ಕುಡಿದು ಹೋದ.

ಅವನು ನನ್ನ ಬಳಿ ಕೇಳಿದ್ದಕ್ಕೆ ನಮ್ಮಲ್ಲಿ ಒಂದು ಹೆಸರಿದೆ: ವಶೀಲಿ. ವಶೀಲಿ ಎಂದರೆ ಅನರ್ಹನಿಗೆ ಕೆಲಸ ಕೊಡಿಸುವುದು ಎಂದಷ್ಟೇ ನಾವು ತಿಳಿಯುತ್ತೇವೆ. ಆ ಹುಡುಗ ಕೆಲಸ ಕೇಳಿರಲಿಲ್ಲ, ಸುದ್ದಿ ಕೇಳಿದ್ದ. ವ್ಯವಸ್ಥೆ ಎಲ್ಲರಿಗೂ ಹೇಳಬೇಕಾದ ಒಂದು ಮಾತನ್ನು ಯಾರಿಗೂ ಹೇಳದಿದ್ದಾಗ, ಆ ಮಾತು ಒಳಗಿನವರ ಪರಿಚಯ ಇದ್ದವರಿಗೆ ಮಾತ್ರ ಸಿಗುವ ವಸ್ತುವಾಗುತ್ತದೆ. ವಶೀಲಿ ಹುಟ್ಟುವುದು ಅಲ್ಲಿ. ಒಳಗೊಬ್ಬ ಅಣ್ಣ ಇಲ್ಲದವನ ಪಾಲಿಗೆ ‘ಬಾಕಿ’ಯೂ ಒಂದೇ, ‘ತಿರಸ್ಕೃತ’ವೂ ಒಂದೇ. ಎರಡೂ ಮೌನ. ನಾವು ತಿಂಗಳುಗಟ್ಟಲೆ ಕೂತು ಪರದೆಯ ಒಳಮುಖವನ್ನು ತಿಕ್ಕಿ ತೊಳೆದೆವು. ಅದರ ಹೊರಮುಖ, ಅರ್ಜಿದಾರನ ಕಡೆ ತಿರುಗಿದ ಮುಖ, ಬರೀ ಗೋಡೆ.

ಅರ್ಜಿದಾರನ ಕೈಯಲ್ಲಿ ಒಂದು ಗುರುತು ಉಳಿಯುವುದು ಎಷ್ಟು ಮುಖ್ಯ ಎಂಬುದನ್ನು ಕರ್ನಾಟಕ ಈಚೆಗೆ ಕಂಡಿದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯಲ್ಲಿ ಅಕ್ರಮ ಬಯಲಾದಾಗ, ಸಿಐಡಿ ಆಯ್ಕೆಯಾದವರಿಗೆ ತಮ್ಮ ಓಎಂಆರ್ ಹಾಳೆಯ ಕಾರ್ಬನ್ ಪ್ರತಿ ತರುವಂತೆ ಹೇಳಿತು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಆ ಪರೀಕ್ಷೆಯನ್ನೇ ರದ್ದು ಮಾಡಿತು. ಹಸನು ಮಾಡುವ ಕಣ್ಣಿಗೆ ಕಾರ್ಬನ್ ಪ್ರತಿ ಶುದ್ಧ ಕಸ. ಅದೇ ಹಾಳೆ, ಅದೇ ಗುರುತು, ಎರಡೆರಡು ಸಲ ಯಾಕೆ? ಎರಡನೆಯದು ಅಭ್ಯರ್ಥಿಯ ಜೇಬಿನಲ್ಲಿ ಇರುತ್ತದೆ ಎಂಬುದೇ ಅದಕ್ಕೆ ಉತ್ತರ.

ಆದ್ದರಿಂದ ಕೊನೆಯ ಸಭೆಯಲ್ಲಿ ಇನ್ನೊಂದು ಪ್ರಸ್ತಾಪ ಇಟ್ಟೆ. ಒಳಗೆ ಬರೆದ ಆ ಒಂದು ಸಾಲಿನ ಕಾರಣ ಅಭ್ಯರ್ಥಿಗೂ ಹೋಗಲಿ. ವಿರೋಧಿಸಿದವರು ಹೇಳಿದ್ದು ಹಗುರವಾದ ಮಾತಲ್ಲ. ಕಾರಣ ಕೊಟ್ಟರೆ ವಾದ ಬರುತ್ತದೆ, ನೊಂದವರು ಫೋನ್ ಮಾಡುತ್ತಾರೆ, ಕೋರ್ಟಿಗೂ ಹೋಗಬಹುದು ಎಂದರು. ಹೊರಗೆ ಹೋಗುತ್ತದೆ ಎಂದು ಗೊತ್ತಾದರೆ ನಮ್ಮವರು ನಿಜವಾದ ಕಾರಣ ಬರೆಯುವುದನ್ನೇ ಬಿಡುತ್ತಾರೆ, ‘ಈ ಬಾರಿ ಸಾಧ್ಯವಾಗುತ್ತಿಲ್ಲ’ ಎಂಬ ನಯದ ಸುಳ್ಳು ಎಲ್ಲರಿಗೂ ಹೋಗುತ್ತದೆ ಎಂದೂ ಒಬ್ಬರು ಹೇಳಿದರು. ಈ ಕೊನೆಯ ಮಾತಿನಲ್ಲಿ ಸತ್ಯವಿದೆ. ಬೆಳಕಿಗೆ ತಂದದ್ದೆಲ್ಲ ಶುದ್ಧವಾಗುವುದಿಲ್ಲ, ಕೆಲವು ಬಣ್ಣ ಬಳಿದುಕೊಂಡು ಬರುತ್ತವೆ.

ಆದರೂ ನನ್ನ ಮಾತು ಒಂದೇ. ಆ ಮನುಷ್ಯನಿಗೆ ಹೇಳಲಾಗದ ಕಾರಣದಿಂದ ಅವನನ್ನು ತಿರಸ್ಕರಿಸಬಾರದು. ಹೇಳಲು ನಾಚಿಕೆಯಾದರೆ ಕಾರಣದಲ್ಲೇ ಏನೋ ಇದೆ. ಹೇಳಲು ಹೊತ್ತಿಲ್ಲ ಎಂದರೆ, ಈ ಹೊಸ ಪರದೆ ಉಳಿಸಿಕೊಟ್ಟ ಹೊತ್ತು ಎಲ್ಲಿ ಹೋಯಿತು ಎಂದು ಕೇಳಬೇಕಾಗುತ್ತದೆ. ಸುಲಭವಾಗಿಸುವುದು ಒಳ್ಳೆಯದು, ಆದರೆ ಸುಲಭದಿಂದ ಬಂದ ಉಳಿತಾಯ ಯಾರದು ಎಂಬ ಪ್ರಶ್ನೆ ಅದರ ಜೊತೆಗೇ ಬರುತ್ತದೆ. ಅರ್ಜಿಗಳು ಅಷ್ಟು ಸಂಖ್ಯೆಯಲ್ಲಿ ಬಂದದ್ದರಿಂದ ಹುಟ್ಟಿದ ಕೆಲಸ ಅದು. ಅದರಲ್ಲಿ ಉಳಿದ ಹೊತ್ತಿನಲ್ಲಿ ಒಂದು ಪಾಲು ಅರ್ಜಿ ಹಾಕಿದವರಿಗೆ ಸೇರಬೇಕು.

ಪ್ರಸ್ತಾಪ ಅರ್ಧ ಒಪ್ಪಿಗೆಯಾಗಿದೆ. ಅರ್ಜಿ ಯಾವ ಹಂತದಲ್ಲಿದೆ ಎಂಬುದು ಈಗ ಅಭ್ಯರ್ಥಿಗೆ ಕಾಣುತ್ತದೆ. ‘ಬಾಕಿ’ ಮತ್ತು ‘ತಡೆ’ ಎಂಬ ಎರಡು ಪದಗಳ ಬದಲು ‘ಇನ್ನೂ ಓದಿಲ್ಲ’ ಎಂಬ ಒಂದೇ ಸಾಲಿದೆ. ಮೂವತ್ತು ದಿನ ಕಳೆದರೂ ಓದದಿದ್ದರೆ ಒಳಗಿನವರ ಪರದೆಯಲ್ಲಿ ಆ ಅರ್ಜಿ ತಾನಾಗಿ ಮೇಲೆ ಬರುತ್ತದೆ. ಕಾರಣದ ಸಾಲು ಮಾತ್ರ ಇನ್ನೂ ಒಳಗೇ ಇದೆ. ಅದನ್ನು ಹೊರಗೆ ತೋರಿಸುವ ಜಾಗವನ್ನು ನಾನು ವಿನ್ಯಾಸದಲ್ಲಿ ಬಿಟ್ಟಿದ್ದೇನೆ. ಅಭ್ಯರ್ಥಿಯ ಪುಟದಲ್ಲಿ, ಹಂತದ ಕೆಳಗೆ, ಎರಡು ಸಾಲು ಹಿಡಿಯುವಷ್ಟು ಖಾಲಿ ಜಾಗ. ಪುಟ ನೋಡಿದ ಸಹೋದ್ಯೋಗಿಯೊಬ್ಬರು ಅಲ್ಲಿ ಏನೋ ಬಿಟ್ಟುಹೋದ ಹಾಗಿದೆ, ಮುಚ್ಚಿಬಿಡಿ ಎಂದರು. ಅದು ಹಾಗೇ ಇರಲಿ ಎಂದಿದ್ದೇನೆ.